ಮಧುರೆಯ ಹಿತ್ತಲಲ್ಲಿ ಕಂಡ ಬಲೆ

ನಾವುಂದ
೧೨-೮-೨೦೦೫, ಶುಕ್ರವಾರ

ಮೊಮ್ಮಗ ಸುಧೀರನಿಗೆ,

ಮೊದಲು ಕೂತುಕೋ. ನಿಂತುಕೊಂಡೇ ಅರ್ಧ ಓದಿ, ಮಡಚಿ, ಅಂಗಿಯ ಕಿಸೆಗೆ ತುರುಕಿ ಮರೆಯುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲದ್ದೇನಲ್ಲ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿ ನಾನು, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಇಷ್ಟುದ್ದ ಬರೆಯುತ್ತಿದ್ದೇನೆ. ಹೈಸ್ಕೂಲಿನ ಮೆಟ್ಟಿಲು ಹತ್ತಿದ ನಿನಗೆ ಮೂರು ಮಳೆಗಾಲದಲ್ಲಿ ಒಂದು ಕಾರ್ಡು ಗೀಚಲು ಕೈ ಬರಲಿಲ್ಲ. ನಾಚಿಕೆ ಎಂಬುದನ್ನು ನಿನ್ನ ಚಪ್ಪಲಿಯ ಜೊತೆಗೇ ಕಡಲ ಬದಿಯ ಕಲ್ಲಿನ ಮೇಲೆ ಬಿಟ್ಟು ಹೋದೆಯೋ ಹೇಗೆ?

ಇರಲಿ. ದೇಹ ಹೇಗಿದೆ? ಆ ಒಣಕೆಮ್ಮು ಬಿಟ್ಟಿತೋ? ಬೆಂಕಿಯ ಎದುರು ನಿಂತು ನಿಂತು ಕಾಲು ಬಾತುಕೊಳ್ಳುತ್ತಿರಬೇಕು, ಮಲಗುವಾಗ ತೆಂಗಿನೆಣ್ಣೆ ತಿಕ್ಕಿಕೋ. ಮೀನಿಲ್ಲದಿದ್ದರೆ ಬಟ್ಟಲು ದೂಡಿ ಏಳುತ್ತಿದ್ದವನು ಈಗ ಸಾಂಬಾರಿನಲ್ಲಿ ಹೇಗೆ ದಿನ ತಳ್ಳುತ್ತೀ ಎಂದು ನಿನ್ನ ಹೆತ್ತ ಅಬ್ಬಿ ವನಜ ಕೇಳುತ್ತಾಳೆ. ಅವಳು ಇದ್ದಾಳೆ, ತೆಳ್ಳಗಾಗಿದ್ದಾಳೆ. ನನ್ನ ಸುದ್ದಿ ಎಂತ ಹೇಳುವುದು, ಮೊಣಕಾಲು ಎರಡೂ ಮುಷ್ಕರ ಹೂಡಿವೆ. ಮಧುರೆ, ರಾಮೇಶ್ವರ ಎಂದು ತಿರುಗಿ ಬಂದ ಮೇಲೆ ಅಂಗಳ ದಾಟುವುದೂ ಒಂದು ಯಾತ್ರೆಯೇ ಆಗಿದೆ.

ಆ ಯಾತ್ರೆ ಯಾಕೆ ಹೊರಟಿತೆಂದು ನಿನಗೆ ಗೊತ್ತಿರಲಿ. ನಿನಗೆ ಎಳ್ಳುನೀರು ಬಿಡುವುದಕ್ಕೆ. ಹೌದು, ಸರಿಯಾಗಿಯೇ ಓದಿದ್ದೀ. ಮೂರು ವರ್ಷದ ಹಿಂದೆ ಅಳಿವೆ ಬಾಯಿಯಲ್ಲಿ ದೋಣಿ ಮಗುಚಿ ನಿನ್ನ ಗೆಳೆಯ ಕಿಟ್ಟ ಹೋದ. ಚುಕ್ಕಾಣಿ ಹಿಡಿದ ನೀನು ಈಜಿ ದಡ ಸೇರಿದೆ. ಅವನ ಬೂದಿ ಆರುವ ಮೊದಲೇ ನಿನ್ನ ಚಪ್ಪಲಿ ಕಡಲ ಬದಿಯ ಕಲ್ಲಿನ ಮೇಲೆ ಸಿಕ್ಕಿತು. ಗೆಳೆಯನ ಹಿಂದೆಯೇ ನೀರಿಗೆ ಇಳಿದ ಎಂದು ಊರೆಲ್ಲ ಹೇಳಿತು. ನಿನ್ನ ಹೆಣಕ್ಕಾಗಿ ಬೈಂದೂರಿನ ತನಕ ಕಡಲ ದಂಡೆ ನಡೆದವನು ನಿನ್ನ ಮಾವ ರಾಜೀವ. ಈಗ ಅವನ ಮಗಳು ನವ್ಯಾಳಿಗೆ ಗಂಡು ಕೂಡಿ ಬರುತ್ತಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ, ಕರ್ಮ ಸಿಗದ ಜೀವವೊಂದು ಮನೆಯ ಬಾಗಿಲಲ್ಲಿ ನಿಂತಿದೆ, ರಾಮೇಶ್ವರಕ್ಕೆ ಹೋಗಿ ತೀರಿಸಿ ಎಂದು ಬಂತಂತೆ. ದೋಣಿಗಳೆಲ್ಲ ಮೇಲೆ ಎಳೆದು ಕೂತ ತಿಂಗಳು, ಗಂಡಸರಿಗೂ ಕೆಲಸವಿಲ್ಲ. ಆಷಾಢದ ಅಮಾವಾಸ್ಯೆಗೆ ಅಲ್ಲಿ ಮುಟ್ಟುವ ಹಾಗೆ ಊರವರು ಸೇರಿ ಬಸ್ಸು ಮಾಡಿದರು. ವನಜ ಬರುವುದಿಲ್ಲ ಎಂದಳು. ಹೆತ್ತವಳು ಹೇಗೆ ಬರುತ್ತಾಳೆ? ನಾನು ಹೊರಟೆ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾರದ್ದು ಗೊತ್ತೇ? ಕಿಟ್ಟನ ಅಬ್ಬಿ ಸೀತುವಿನದ್ದು. ಅವಳಿಗೂ ಮಗನಿಗೆ ನೀರು ಬಿಡಬೇಕಿತ್ತು. ಒಂದು ಕಾಲದಲ್ಲಿ ಮೀನಿನ ಬುಟ್ಟಿ ಹೊತ್ತು ಒಟ್ಟಿಗೆ ಮನೆಮನೆ ತಿರುಗಿದವರು ನಾವು, ಬಾಯಿ ಮುಚ್ಚಿ ಕೂತು ಗೊತ್ತಿಲ್ಲದವರು. ಈ ಮೂರು ವರ್ಷದಲ್ಲಿ ಅವಳು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ, ಒಳ್ಳೆಯದೂ ಆಡಲಿಲ್ಲ. ಘಾಟಿ ಇಳಿಯುವಾಗ ನನಗೆ ವಾಂತಿ ಬಂತು. ತಲೆ ಹಿಡಿದದ್ದು ಅವಳೇ. ಹಿಡಿದುಕೊಂಡೇ ಬೈದಳು, ಎರಡೆರಡು ಇಡ್ಲಿ ಸಾಲದೆ ಮೂರನೆಯದಕ್ಕೆ ಕೈ ಹಾಕುವವರಿಗೆ ಹೀಗೇ ಆಗಬೇಕೆಂದು.

ಮಧುರೆ ದೊಡ್ಡದು ಮಗಾ. ಗೋಪುರ ನೋಡಲು ಕತ್ತೆತ್ತಿದರೆ ಸೆರಗು ಜಾರುತ್ತದೆ, ಸೆರಗು ಹಿಡಿದರೆ ಕೈಚೀಲ ಯಾರದೋ ಪಾಲಾಗುತ್ತದೆ. ಅಷ್ಟು ಗೊಂಬೆಗಳನ್ನು ಮಾಡಿದವನಿಗೆ ಹಸಿವಾಗುತ್ತಿರಲಿಲ್ಲವೇ ಎಂದು ನನಗೆ ಯೋಚನೆ. ಕಲ್ಲು ಕಾದು ಹೆಂಚಾಗಿತ್ತು, ನಾವೆಲ್ಲ ಕೋಳಿ ಕುಣಿದ ಹಾಗೆ ಕುಣಿಯುತ್ತ ಒಳಗೆ ಹೋದೆವು. ಮೈಲುದ್ದದ ಸಾಲು. ದೇವಿಗೆ ಮೀನಿನ ಕಣ್ಣಂತೆ. ಬದುಕಿಡೀ ಮೀನಿನ ಕಣ್ಣು ನೋಡಿ ತಾಜಾ ಯಾವುದು, ನಿನ್ನೆಯದು ಯಾವುದು ಎಂದು ಹೇಳಿದವಳು, ಇವಳ ಕಣ್ಣನ್ನೂ ಒಮ್ಮೆ ಸರಿಯಾಗಿ ನೋಡೋಣವೆಂದು ಆಸೆಪಟ್ಟೆ. ದೀಪದ ಬೆಳಕಿನಲ್ಲಿ ಮೂಗುತಿ ಮಿನುಗಿದ್ದು ಕಂಡಿತು, ಕಣ್ಣು ಹುಡುಕುವುದರೊಳಗೆ ಹಿಂದಿನವರು ದೂಡಿದರು. ಏನನ್ನು ಬೇಡಬೇಕೆಂದೂ ತಿಳಿಯಲಿಲ್ಲ. ಸತ್ತವನಿಗೆ ಸದ್ಗತಿ ಕೊಡು ಎನ್ನಲು ಬಾಯಿ ಬರಲಿಲ್ಲ, ಬದುಕಿಸು ಎನ್ನಲು ಧೈರ್ಯ ಬರಲಿಲ್ಲ. ಸುಮ್ಮನೆ ಕೈ ಮುಗಿದೆ. ಮರುದಿನ ಊರಾಚೆ ಅಳಗರ ಬೆಟ್ಟದ ಬುಡದ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪ್ರಸಾದಕ್ಕೆ ದೋಸೆ ಕೊಡುತ್ತಾರೆ, ನನ್ನ ಹಲ್ಲಿಗೆ ಬಗ್ಗುವಂಥದ್ದಲ್ಲ, ಸೀತು ಮುರಿದು ಮುರಿದು ಕೊಟ್ಟಳು. ಬಸ್ಸಿನಲ್ಲಿ ಕೂತರೆ ಸಾಕಪ್ಪಾ ಎನ್ನುವಷ್ಟು ಸೋತಿದ್ದೆ.

ವಾಪಸು ಮಧುರೆಗೆ ಬಂದು, ನಮ್ಮ ಕಡೆಯವರ ಹೋಟೆಲು ಎಂದು ಒಂದು ಕಡೆ ಊಟಕ್ಕೆ ಇಳಿಸಿದರು. ಕೈ ತೊಳೆಯಲು ಹಿತ್ತಲಿಗೆ ಹೋದರೆ ಅಲ್ಲಿ ಸಂಡಿಗೆ ಒಣಹಾಕಿದ್ದರು, ಕಾಗೆ ಇಳಿಯದಂತೆ ಮೇಲೊಂದು ಬಲೆ ಕಟ್ಟಿದ್ದರು. ಪೇಟೆಯಿಂದ ತಂದ ಬಲೆಯಲ್ಲ, ಕೈಯಲ್ಲಿ ಹೆಣೆದದ್ದು. ನೀನು ಎಡಗೈಯವನು. ನಿನ್ನ ಗಂಟು ಬೇರೆಯವರದ್ದಕ್ಕೆ ಉಲ್ಟಾ ಬೀಳುತ್ತದೆ. ನಿನ್ನ ಅಜ್ಜ ಚೆನ್ನಯ್ಯ ಎಷ್ಟು ಬೈದರೂ ತಿದ್ದಲಾಗಲಿಲ್ಲ. ಬಲೆಯಲ್ಲಿ ಅಂಥ ಗಂಟು ಸಾಲುಸಾಲಾಗಿ ಕಂಡಿತು ನನಗೆ. ಆದರೆ ಪಕ್ಕದಲ್ಲಿ ಸೀತು ನಿಂತಿದ್ದಳು. ಅವಳ ಮಗ ಬೂದಿಯಾಗಿರುವಾಗ ನನ್ನವನು ಇದ್ದಾನೆ ಎಂದು ಯಾವ ಬಾಯಿಂದ ಹೇಳಲಿ? ಕಂಡೂ ಕಾಣದ ಹಾಗೆ ತಂಬಿಗೆ ಹುಡುಕತೊಡಗಿದೆ. ಆಗ ಅವಳು ಬಲೆಯ ಒಂದು ಕಣ್ಣಿಗೆ ಬೆರಳು ಸಿಕ್ಕಿಸಿ ಮೆಲ್ಲಗೆ ಅಂದಳು: “ಅಕ್ಕಾ, ಇಲ್ಲ್ ಕಾಣಿ. ಇದ್ ಸುಧೀರನ ಕೈ ಅಲ್ದಾ?”

ಹೇಳದೆ ಇರಬಹುದಿತ್ತು ಅವಳು. ಹೇಳಿದಳು.

ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತವರು ಬೈಂದೂರಿನ ಲೀಲಾಧರ ಎಂಬವರು. ಈ ಬಲೆ ಯಾರದ್ದೆಂದು ಕೇಳಿದೆ. “ಕಿಟ್ಟ ಅಂದೇಳಿ ಒಬ್ಬ ಇದ್ದಿದ್ದ ಅಜ್ಜಿ, ದ್ವಾಸಿ ಕಲ್ಲಿಗೆ. ಅವ ಕಟ್ಟದ್ದ್,” ಎಂದರು. ಕುಂದಾಪುರದ ಕಡೆಯವನಂತೆ, ಹುಬ್ಬಿನ ಮೇಲೆ ಗಾಯದ ಗುರುತಂತೆ, ಎಡಗೈಯಲ್ಲಿ ದೋಸೆ ಮಗುಚುತ್ತಿದ್ದನಂತೆ. ಈಗ ಧಣಿಗಳ ಕುಂಭಕೋಣದ ಹೋಟೆಲಿನಲ್ಲಿದ್ದಾನಂತೆ. ಸತ್ತವನ ಹೆಸರು ಇಟ್ಟುಕೊಂಡು ಬದುಕಿದ್ದೀಯಲ್ಲ ಮಗಾ, ಎಂಥ ಕರ್ಮ. ಸೀತು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟಳು. ಲೀಲಾಧರ ಒಳ್ಳೆಯ ಮನುಷ್ಯ, ಕೂಡಲೇ ಕುಂಭಕೋಣಕ್ಕೆ ಫೋನು ಹಚ್ಚಿದರು. ನಾವುಂದದಿಂದ ನಿನ್ನವರು ಬಂದಿದ್ದಾರೆ, ಮಾತಾಡು ಎಂದು ನಿನ್ನನ್ನು ಕರೆಸಿದರು. ನೀನು ಬರಲಿಲ್ಲ. ಎಪ್ರನ್ನು ಬಿಚ್ಚಿಟ್ಟು ಹಿಂಬಾಗಿಲಿಂದ ಹೋದನಂತೆ ಎಂದು ಆ ಕಡೆಯವರು ಹೇಳಿದ್ದನ್ನು ನಾನೇ ಕೇಳಿದೆ. ಸಂಜೆ ನೀನು ವಾಪಸು ಬಂದು ಕೆಲಸಕ್ಕೆ ನಿಂತೆ ಎಂದು ಆಮೇಲೆ ಲೀಲಾಧರರಿಂದ ಗೊತ್ತಾಯಿತು, ಅಷ್ಟು ಪುಣ್ಯ.

ರಾಜೀವನ ಸಿಟ್ಟು ನೋಡಬೇಕಿತ್ತು. ನೀನು ಸತ್ತೆಯೆಂದು ಅಳುತ್ತಿದ್ದವನು, ಬದುಕಿದ್ದೀ ಎಂದು ಗೊತ್ತಾದ ಮೇಲೆ ನಿಜವಾಗಿ ಉರಿದ. “ಅವ ನಮ್ಮನ್ನ ಬ್ಯಾಡ ಅಂದೇಳಿ ಹೋದವ. ಎಳ್ಳ್‌ನೀರ್ ಬಿಟ್ಟೇ ಬಪ್ಪ,” ಎಂದು ಬಸ್ಸು ಹತ್ತಿದ. ಕುಂಭಕೋಣಕ್ಕೆ ಬಸ್ಸು ತಿರುಗಿಸಿ ಎಂದು ನಾನು ಕೇಳಲಿಲ್ಲ. ತುಂಬಿದ ಬಸ್ಸು, ಎಲ್ಲರಿಗೂ ಅಮಾವಾಸ್ಯೆಯ ಆತುರ. ಅದೂ ಅಲ್ಲದೆ, ನಾನು ಎದುರು ಬಂದು ನಿಂತರೆ ನೀನು ಅಲ್ಲಿಂದಲೂ ಓಡುತ್ತೀ, ಆಮೇಲೆ ಯಾವ ಹಿತ್ತಲಲ್ಲಿ ಬಲೆ ಹುಡುಕಲಿ?

ರಾಮೇಶ್ವರದ ಕಡಲು ನಮ್ಮದರ ಹಾಗಲ್ಲ. ತೆರೆಯೇ ಇಲ್ಲ, ಸೂರ್ಯ ನೀರಿನಿಂದ ಮೇಲೆ ಬರುತ್ತಾನೆ. ಮುಳುಗುವುದನ್ನೇ ನೋಡಿದ ಕಣ್ಣಿಗೆ ಅದು ವಿಚಿತ್ರ ಕಂಡಿತು. ಅಲ್ಲಿ ಕೂತು ಪುರೋಹಿತರು ಸೀತುವಿನ ಮಗನ ಹೆಸರು ಕೇಳಿದರು. ಕಿಟ್ಟ ಎನ್ನುವ ಮೊದಲು ಅವಳು ನನ್ನ ಮುಖ ನೋಡಿದಳು. ಹಿಂದಿನ ದಿನವಷ್ಟೇ ಆ ಹೆಸರಿನವನನ್ನು ಫೋನಿನಲ್ಲಿ ಕರೆಸಿದ್ದನ್ನು ಕೇಳಿದವಳಲ್ಲವೇ? ಆಮೇಲೆ ರಾಜೀವ ಎಳ್ಳು ಹಿಡಿದು ಕೂತ. ನಾನು ಹೋಗಿ ಅವನ ಬೊಗಸೆಯ ಮೇಲೆ ನನ್ನ ಕೈ ಮುಚ್ಚಿದೆ. ಹತ್ತು ಜನರ ಎದುರು ಬೈದ, ಬೈಯಲಿ, ನಾನು ಹೆತ್ತ ಬಾಯಿಯೇ ಅದು. ಕೊನೆಗೆ ಎಳ್ಳು ಪೊಟ್ಟಣಕ್ಕೆ ಹಾಕಿ ಎದ್ದ. ಮಹಾಲಯ ಬರುವುದರೊಳಗೆ ಸುಧೀರನ ಕೈಬರಹ ಈ ಮನೆಗೆ ಬರದಿದ್ದರೆ ಮನೆಯಲ್ಲೇ ಎಡೆ ಇಡುತ್ತೇನೆ, ಆಗ ನೀನು ಅಡ್ಡ ಬರಬಾರದು ಎಂದು ನನಗೆ ಹೇಳಿದ. ನಾನು ಒಪ್ಪಿದ್ದೇನೆ. ಆ ಎಳ್ಳಿನ ಪೊಟ್ಟಣ ಅವನ ಪೆಟ್ಟಿಗೆಯಲ್ಲಿದೆ. ಇನ್ನೊಮ್ಮೆ ಅಡ್ಡ ಬೀಳುವ ಶಕ್ತಿ ನನ್ನಲ್ಲೂ ಉಳಿದಿಲ್ಲ ಮಗಾ.

ಊರಿಗೆ ಬಂದು ನಿನ್ನ ಅಬ್ಬಿಗೆ ಹೇಳಿದೆ. ಅಂಗಳದಲ್ಲಿ ಕೂತು ಬೂತಾಯಿ ಮೀನು ಕೊಯ್ದಳು, ಕೊಯ್ದದ್ದನ್ನೇ ಮತ್ತೆ ಮತ್ತೆ ತೊಳೆದಳು. ವಿಳಾಸ ಲೀಲಾಧರರು ಕೊಟ್ಟದ್ದು, ಲಕೋಟೆಯ ಮೇಲೆ ನೀನು ಅಲ್ಲಿ ಹೇಳಿಕೊಂಡ ಹೆಸರನ್ನೇ ಬರೆಯಬೇಕಾಯಿತು.

ನಿನ್ನ ತಲೆಯ ಮೇಲೆ ಕೈಯಿಟ್ಟೆ ಎಂದು ತಿಳಿದುಕೋ. ಹೊಟ್ಟೆಗೆ ಸರಿಯಾಗಿ ತಿನ್ನು. ಲೀಲಾಧರರು ಸಿಕ್ಕಿದರೆ ನನ್ನ ನಮಸ್ಕಾರ ಹೇಳು.

ಇಂತಿ,
ನಿನ್ನ ಅಜ್ಜಿ ಚಂದ್ರಾವತಿ

ಮತ್ತೆ: ಲಕೋಟೆಗೆ ಅಂಟು ಹಚ್ಚುವಾಗ ಸೀತು ಬಂದಳು, ನಿನಗೆ ಬರೆದೆನೋ ಎಂದು ಕೇಳಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ: “ದ್ವಾಣಿ ಮಗ್ಚಿದ್ದ್ ಕಡಲ್, ಅವ ಅಲ್ಲ. ನನ್ ಮಗನ ಹೆಸ್ರ್ ನಂಗೇ ಇರ್ಲಿ. ಸುಧೀರ ಅವನ್ದೇ ಹೆಸ್ರ್ ಹಿಡ್ಕಂಡ್ ಮನಿಗೆ ಬರ್ಲಿ.” ಹೇಳಿ, ನೀರೂ ಕುಡಿಯದೆ ಹೋದಳು. ಬರುವುದು ಆಮೇಲಾಯಿತು, ಮೊದಲು ಕಾಗದ ಬರೆ. ಕೆಳಗೆ ಸುಧೀರ ಎಂದು ನಿನ್ನ ಕೈಯಿಂದಲೇ ಸಹಿ ಹಾಕು. ಮುಂದಿನ ತಿಂಗಳೇ ಮಹಾಲಯ, ಅದಕ್ಕೆ ಮೊದಲು ಅದು ಇಲ್ಲಿ ಮುಟ್ಟಬೇಕು.