ಜ್ವಲಿತೆಯ ಎರಡನೆಯ ಭಾಗ

ಗುರುವಾರ, ಹನ್ನೊಂದನೇ ತಾರೀಖು

ಹಳೆಯ ಪುಸ್ತಕದಂಗಡಿಯಲ್ಲಿ ಇವತ್ತು ನನ್ನ ಮೆಚ್ಚಿನ ನಾಟಕದ ಎರಡನೆಯ ಭಾಗ ಸಿಕ್ಕಿತು. ಸಿಗಬಾರದಿತ್ತು. ಮೊದಲ ಭಾಗದ ಮೂವತ್ತೆರಡು ಪುಟವೂ ನನಗೆ ಬಾಯಿಪಾಠ. ನಾಯಕಿ ಜ್ವಲಿತೆ ಮುಷ್ಕರದ ದಿನ ಗಿರಣಿಯ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ, ಯಾರಿಗೂ ತಲೆಬಾಗುವುದಿಲ್ಲ. ಕಥೆ ಅಲ್ಲಿಗೇ ಮುಗಿಯಿತೆಂದುಕೊಂಡು ಅಕ್ಕನ ಮಗುವಿಗೆ ಆ ಹೆಸರನ್ನೇ ಇಡಿಸಿದೆ.

"ಕರೆಯೋಕೆ ನಾಲಿಗೆ ತಿರುಗೋಷ್ಟರಲ್ಲಿ ಹುಡುಗಿ ಮದುವೆಗೆ ಬಂದಿರ್ತಾಳೆ ಕಣೋ," ಎಂದು ಭಾವ ನಕ್ಕಿದ್ದರು. ಅಕ್ಕ ಮಾತ್ರ, "ನಾಟಕದಲ್ಲಿ ಅವಳು ಕೊನೇಲಿ ಬದುಕ್ತಾಳೆ ತಾನೆ?" ಎಂದು ಕೇಳಿದ್ದಳು. ಅವಳ ಹೋದ ವರ್ಷದ ಕೂಸು ಒಂಬತ್ತೇ ದಿನವಿದ್ದು, ಹೆಸರಿಡುವ ಮೊದಲೇ ಹೋಯಿತಲ್ಲ. "ಬದುಕದೆ ಏನಕ್ಕಾ!" ಎಂದು ಎದೆ ತಟ್ಟಿ ಹೇಳಿದ್ದೆ.

ಎರಡನೆಯ ಭಾಗದ ನಾಲ್ಕನೆಯ ಪುಟದಲ್ಲೇ ಅವಳನ್ನು ಕೊಂದುಹಾಕಿದ್ದಾರೆ.

ಹೆಸರಿಗೂ ಹಣೆಬರಹಕ್ಕೂ ಸಂಬಂಧವಿಲ್ಲ, ಅದೆಲ್ಲ ಮೂಢನಂಬಿಕೆ ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಈಗಲೂ ಅದೇ ಮಾತು. ಆದರೂ ಮನೆಗೆ ಬಂದವನೇ ತೊಟ್ಟಿಲಿಗೆ ಬಗ್ಗಿ, ಮಗುವಿನ ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಉಸಿರಿತ್ತು.

ತಿರುಗಿದರೆ ಬಾಗಿಲಲ್ಲಿ ಅಕ್ಕ. "ನೀನೂ ಹೀಗೆ ನೋಡ್ತೀಯೇನೋ? ನಾನು ಗಂಟೆಗೊಂದು ಸಲ ನೋಡ್ತೀನಿ," ಎಂದಳು.

ಪುಸ್ತಕ ಅಂಗಿಯೊಳಗೇ ಇತ್ತು, ಈಗಲೂ ಇದೆ. ಒಲೆಗೆ ಹಾಕಿಬಿಡೋಣವೆಂದರೆ, ಪುಸ್ತಕ ಸುಡುವವರನ್ನು ನಾನು ಎಷ್ಟು ಬೈದಿದ್ದೇನೆ, ಅಂಥದ್ದರಲ್ಲಿ ನಾನೇ ಹೇಗೆ ಸುಡಲಿ?