ಮರಳಿ ಬಂದ ರೊಟ್ಟಿ ಬುತ್ತಿ

ವಿಶ್ವವಿದ್ಯಾಲಯದ ಮಾನ್ಯ ರಿಜಿಸ್ಟ್ರಾರ್ ಸಾಹೇಬರೇ,

ಗುರುವಾರ ಬೆಳಗಿನ ಐದಕ್ಕೆ ಬಸ್ಸಿನ ಹಾರ್ನು ನನ್ನನ್ನೂ ಕೂಸನ್ನೂ ಒಟ್ಟಿಗೆ ಎಬ್ಬಿಸಿತು. ಆಮೇಲೆ ಈವರೆಗೆ ನಾನು ನಿದ್ದೆ ಮಾಡಿಲ್ಲ. ಬಾಗಿಲಲ್ಲಿ ಕಂಡಕ್ಟರ್ ಚಂದಪ್ಪ ನಿಂತಿದ್ದರು. ನಿಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಬಿ.ಎ. ಕೊನೆಯ ವರ್ಷ ಓದುತ್ತಿರುವ ನನ್ನ ತಂಗಿ ನಜಮಾಳಿಗೆ ಕಳಿಸಿದ್ದ ರೊಟ್ಟಿ ಬುತ್ತಿ ಅವರ ಕೈಯಲ್ಲಿತ್ತು, ಕಟ್ಟಿದ ಗಂಟು ಕಟ್ಟಿದಂತೆಯೇ.

"ಗೇಟಿನ್ಯಾಗ ತಗೊಳ್ಳಲಿಲ್ರಿ ಅಕ್ಕಾರ. ಮೆಸ್ಸಿನ ರೊಕ್ಕಾ ಕಟ್ಟದವ್ರು ಸೋಮವಾರ ಮುಂಜಾನೆ ಖೋಲಿ ಖಾಲಿ ಮಾಡಬೇಕಂತ. ತಂಗ್ಯಾರು ಅಲ್ಲೇ ನಿಂತಿದ್ರು. ಮಾರಿ ನೋಡಾಕ ಆಗಲಿಲ್ರಿ."

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಎಷ್ಟೋ ಮಕ್ಕಳು ಪದವಿ ಪಡೆದದ್ದು ಬಸ್ಸಿನಲ್ಲಿ ಹೋಗುವ ಈ ಬುತ್ತಿಯಿಂದ. ವಾರಕ್ಕಾಗುವಷ್ಟು ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ. ನಾನೂ ಹಾಗೆಯೇ ಓದಿದೆ. ಈಗ ಪೂರ್ವ ಆಫ್ರಿಕಾದಿಂದ, ಮಲಯಾದಿಂದ ವಿದ್ಯಾರ್ಥಿಗಳು ಬಂದಿದ್ದಾರೆ. ಅವರ ಫೀ ನಮ್ಮದರ ಹಲವು ಪಟ್ಟು, ಅದೂ ವಿದೇಶಿ ಹಣ. ಬರಲಿ, ಸಂತೋಷ. ಆ ಹಣದಿಂದ ಹೊಸ ಪ್ರಯೋಗಶಾಲೆ ಎದ್ದಿತೆಂದು, ಪ್ರಾಧ್ಯಾಪಕರ ಸಂಬಳ ಹೊತ್ತಿಗೆ ಸರಿಯಾಗಿ ಸಿಕ್ಕಿತೆಂದು ಪತ್ರಿಕೆಯಲ್ಲಿ ಓದಿ ನಾನೂ ಹಿಗ್ಗಿದವಳೇ. ಆದರೆ ಅವರಿಗೆಂದು ಮೆಸ್ಸು ದೊಡ್ಡದಾಯಿತು, ದರ ಎಲ್ಲರಿಗೂ ಏರಿತು, ಊಟ ಕಡ್ಡಾಯವಾಯಿತು. ಬುತ್ತಿ ತಿನ್ನುವವರು ಬಿಟ್ಟ ಕೋಣೆಗಳು ಹೆಚ್ಚು ಫೀ ಕೊಡುವವರಿಗೆ. ಬುತ್ತಿಯನ್ನು ಗೇಟಿನಲ್ಲೇ ತಡೆಯಲು, ಅದಕ್ಕೆ ಇಲಿ ಬರುತ್ತವೆಂಬ ಕಾರಣ ಬೇರೆ. ಇಷ್ಟು ವರ್ಷ ಸುಮ್ಮನಿದ್ದ ಇಲಿಗಳಿಗೆ ಪೌಂಡು ಬಂದ ಮೇಲೆಯೇ ಹಸಿವಾಯಿತೇ?

ಆ ಮಕ್ಕಳನ್ನು ನಾನು ದೂರುವುದಿಲ್ಲ. ನಜಮಾಳ ಕೋಣೆಯಲ್ಲೇ ಇರುವ ನೈರೋಬಿಯ ಹುಡುಗಿ ಮೆಸ್ಸಿಗೆ ಹಣ ಕಟ್ಟಿಯೂ ನಮ್ಮ ರೊಟ್ಟಿಗೆ ಪಾಲುದಾರಳು. ಅದನ್ನು ತಿನ್ನುತ್ತಲೇ ನಮ್ಮ ಮಾತು ಕಲಿತಳು. ರಜೆಯಲ್ಲಿ ನಮ್ಮ ಮನೆಗೆ ಬಂದಾಗ, "ಚಟ್ನಿ ಖಾರ ಕಡಿಮಿ ಮಾಡಬ್ಯಾಡ್ರಿ ಅಕ್ಕಾ, ನಮ್ಮ ವಾರ್ಡನ್‌ಗಿಂತ ಕಡಿಮಿನೇ ಐತಿ" ಎಂದು ಎಲ್ಲರನ್ನೂ ನಗಿಸಿದಳು.

ಪರೀಕ್ಷೆಗೆ ಒಂದೇ ತಿಂಗಳಿದೆ. ನಜಮಾ ಊರಿಗೆ ಮರಳಿದರೆ ತಂದೆ ಮತ್ತೆ ಕಳಿಸುವುದಿಲ್ಲ. ಮನಗೂಳಿಯ ಗಂಡಿನ ಕಡೆಯವರಿಗೆ ಮಾತು ಕೊಟ್ಟಾಗಿದೆ. ಪರೀಕ್ಷೆ ಮುಗಿಯಲಿ ಎಂದು ತಡೆದು ನಿಲ್ಲಿಸಿದವಳು ನಾನು. ವಿಶ್ವವಿದ್ಯಾಲಯದ ಆದಾಯ ಏರಿತೆನ್ನುತ್ತೀರಿ. ನಜಮಾಳನ್ನು ಯಾವ ಖರ್ಚಿಗೆ ಹಾಕುತ್ತೀರಿ?

ಈ ಪತ್ರ ರವಿವಾರದ ಪತ್ರಿಕೆಯಲ್ಲಿ ಅಚ್ಚಾದೀತು. ನಮ್ಮೂರಲ್ಲಿ ಫೋನಿರುವ ಅಂಚೆ ಕಚೇರಿಗೆ ಅಂದು ಬೀಗ. ನಿಮ್ಮ ಕೈಗೆಟುಕುವಲ್ಲೇ ಫೋನಿದೆ. ಕೋಣೆ ಖಾಲಿ ಮಾಡಿಸುವ ಆದೇಶವನ್ನು ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ. ಸೋಮವಾರ ಬೆಳಗಾಗುವ ಮೊದಲು ವಾರ್ಡನ್‌ಗೆ ಒಂದು ಫೋನು ಮಾಡಿರಿ. ಬೇಡಿಕೊಳ್ಳುತ್ತೇನೆ, ಬೆಳಗಾಗುವ ಮೊದಲು.

ಇಂತಿ,
ಅದೇ ಬುತ್ತಿಯನ್ನು ಮತ್ತೆ ಕಳಿಸಬಹುದೆಂದು ಬಿಚ್ಚದೇ ಇಟ್ಟಿರುವ
ಶಮ್ಶುನ್ನೀಸಾ, ಇಂಡಿ