ಡಿಫೆನ್ಸ್‌ನಲ್ಲಿ ಮುಂದಿರೋ ಹುಡುಗಿ

ಜೂನ್ 9, ಸೋಮವಾರ

ಬಸ್ಸಿನ ಕಿಟಕಿ ಗಾಜಿನಲ್ಲಿ ಮತ್ತೆ ಮುಖ ನೋಡ್ಕೊಂಡೆ. ಗೀರಿಲ್ಲ, ಊತ ಇಲ್ಲ. ಟ್ಯಾಲಿ ಕ್ಲಾಸಿಂದ ಬರ್ತಿರೋ ಹುಡುಗಿ ಮುಖವೇ.

ಮನೆಯವರ ಪ್ರಕಾರ ನಾನು ಬಿ.ಕಾಂ. ಮುಗಿಸಿ ಹುಣಸೂರಿನಲ್ಲಿ ಟ್ಯಾಲಿ ಕಲೀತಿದೀನಿ. ಕಲೀತಿರೋದು ಬಾಕ್ಸಿಂಗು. ಹಳೇ ರೈಸ್ ಮಿಲ್ ಶೆಡ್ಡಿನಲ್ಲಿ, ನಂಜುಂಡೇಶ್ ಸರ್ ಹತ್ರ. ಮುಖದ ಮೇಲೆ ಒಂದು ಏಟು ಕಂಡ್ರೂ ಸಾಕು, ಅಪ್ಪ ಮನೆಯಿಂದ ಹೊರಗೆ ಬಿಡಲ್ಲ. ಅದಕ್ಕೇ ಹೊಡೆಯೋದಕ್ಕಿಂತ ತಪ್ಪಿಸ್ಕೊಳ್ಳೋದನ್ನೇ, ಸರ್ ಭಾಷೇಲಿ ಡಿಫೆನ್ಸ್, ಜಾಸ್ತಿ ಕಲ್ತಿದ್ದು.

ಕಲಿಯೋದಾದ್ರೆ ದೊಡ್ಡವರನ್ನ ನೋಡಿ ಕಲಿ ಅಂದ್ರು ಸರ್. ದಿನಾ ಯೂಟ್ಯೂಬ್. ಅಮೆರಿಕದ ವಿಲ್ಲಿ ಪೆಪ್ — ಒಂದೂ ಏಟು ಹೊಡೀದೇ ಒಂದು ರೌಂಡ್ ಗೆದ್ದ ಅಂತಾರೆ. ನಿಜವೋ ಸುಳ್ಳೋ, ಕೇಳೋಕೆ ಚೆಂದ. ಪರ್ನೆಲ್ ವಿಟೇಕರ್ — ಮಂಡಿ ಬಗ್ಗಿಸಿ ಮಾಯವಾಗ್ತಾನೆ, ಎದುರಿನೋನು ಗಾಳಿಗೆ ಗುದ್ದಿ ಪಿಳಿಪಿಳಿ ಕಣ್ಣು ಬಿಡ್ತಾನೆ. ಆದ್ರೆ ನನ್ನ ದೇವರು ಅರ್ಜೆಂಟೀನಾದ ನಿಕೊಲಿನೊ ಲೊಚೆ. ಹಗ್ಗಕ್ಕೆ ಒರಗಿ, ಕೈ ಕೆಳಗೆ ಬಿಟ್ಟು, ಬರೀ ತಲೆ ಆಡಿಸ್ತಾನೆ. ಮುಟ್ಟೋಕಾಗದೋನು ಅಂತಲೇ ಅವನಿಗೆ ಹೆಸರು. ತಲೇಲಿ ಕೂದಲು ಬೇರೆ ಕಮ್ಮಿ. ಥೇಟ್ ನಮ್ಮ ದೊಡ್ಡಪ್ಪ.

ಅವರೆಲ್ಲ ಎದುರಾಳಿಗೆ ಹೆದರಿ ಕಲ್ತ್ರು. ನಾನು ಅಪ್ಪನಿಗೆ.

ಜೂನ್ 14, ಶನಿವಾರ

ಸತ್ತೆ ಅಂದ್ಕೊಂಡೆ ಇವತ್ತು.

ಅಪ್ಪನಿಗೆ ಊಟ ಕೊಡೋಕೆ ನಮ್ಮ ಬೂಸಾ ಅಂಗಡಿಗೆ ಹೋದೆ. ಹೈವೇ ಪಕ್ಕದ ಅಂಗಡಿ, ನಮ್ಮೂರು ಬಿಳಿಕೆರೆಗೆ ಯಾರು ಬಂದ್ರೂ ಕಣ್ಣಿಗೆ ಬೀಳುತ್ತೆ. ನೋಡಿದ್ರೆ ನಂಜುಂಡೇಶ್ ಸರ್! ಅವರ ಸೀಮೆಹಸುವಿಗೆ ಹಿಂಡಿ ಬೇಕಂತೆ. ನನ್ನ ನೋಡಿದ್ರು, ಬೋರ್ಡ್ ನೋಡಿದ್ರು, ಮುಖ ಅರಳ್ತು.

“ಗುರುಸ್ವಾಮಿ ಅಂದ್ರೆ ನೀವೇನಾ? ನಿಮ್ಮ ಮಗಳು ಡಿಫೆನ್ಸ್‌ನಲ್ಲಿ ಬಾಳ ಮುಂದವ್ಳೆ ಕಣ್ರೀ! ಮುಂದಿನ ತಿಂಗ್ಳು ಕೋಟೆ ಟೌನಲ್ಲಿ ಸೆಲೆಕ್ಷನ್ನು. ಆಯ್ಕೆ ಆದ್ರೆ ಮೈಸೂರು, ಆಮೇಲೆ ಬೆಂಗ್ಳೂರು!”

ಬಸ್ ಬಂತು. ಹಿಂಡಿ ಮೂಟೆ ಹೆಗಲಿಗೆ ಹಾಕ್ಕೊಂಡು ಹತ್ತೇಬಿಟ್ರು. 

ಅಪ್ಪ ನಿಧಾನಕ್ಕೆ ತಿರುಗಿದ್ರು. “ಡಿಫೆನ್ಸಾ?”

“ಹೂಂ...”

“ಮಿಲ್ಟ್ರಿಗೇನವ್ವಾ!”

ಈ ಕಡೆ ಡಿಫೆನ್ಸ್ ಅಂದ್ರೆ ಅದೊಂದೇ ಅರ್ಥ. ಪಕ್ಕದಲ್ಲೇ ಕೊಡಗು, ಮನೆಗೊಬ್ಬ ಸೋಲ್ಜರ್. ಅಪ್ಪನ ಕಣ್ಣಲ್ಲಿ ನೀರು. “ಟ್ಯಾಲಿ ಅಂತ ಯೋಳಿ, ಕಳ್ಳಿ, ಇದಾ ನೀ ಮಾಡ್ತಿದ್ದಿದ್ದು?” ಅಂತ ಅಲ್ಲೇ ಜಿಲೇಬಿ ತರಿಸಿದ್ರು. ಅಲ್ಲ ಅಪ್ಪ ಅನ್ನೋಣ ಅಂತ ಬಾಯಿ ತೆರೆದೆ. ಜಿಲೇಬಿ ತುರುಕಿಬಿಟ್ರು.

ನುಂಗಿದ ಮೇಲೂ ಹೇಳಬಹುದಿತ್ತು. ಹೇಳ್ಲಿಲ್ಲ.

ಜೂನ್ 16, ಸೋಮವಾರ

ಊರಿಗೆಲ್ಲ ಗೊತ್ತಾಗಿದೆ. ಬೂಸಾ ತಗೊಂಡೋರಿಗೆಲ್ಲ ಸುದ್ದಿ ಫ್ರೀ.

ಸಂಜೆ ವೀರಭದ್ರಸ್ವಾಮಿ ಅಂಕಲ್ ಮನೆಗೇ ಬಂದ್ರು. ರಿಟೈರ್ಡ್ ಹವಾಲ್ದಾರ್. ಮೀಸೆ ಇನ್ನೂ ಡ್ಯೂಟೀಲೇ ಇದೆ. ಬಂದವರೇ ಶುರು.

“ಆರ್ಮಿನಾ, ಏರ್‌ಫೋರ್ಸಾ?”

“ನೀವು ಮೊದ್ಲು ಎಲ್ಲಿದ್ರಿ ಅಂಕಲ್?” — ತಲೆ ಎಡಕ್ಕೆ.

“ಜಮ್ಮು. ನಿಂದು ಯಾವ ಪೋಸ್ಟು?”

“ಕಾಫಿಗೆ ಸಕ್ಕರೆ ಎಷ್ಟು?” — ಬಲಕ್ಕೆ.

“ಯಾವ ಪೋಸ್ಟು ಅಂದೆ.”

ಹಗ್ಗಕ್ಕೆ ಒರಗಿಬಿಟ್ಟೆ. “ಅದು... ಹೇಳಂಗಿಲ್ಲ ಅಂಕಲ್.”

ಅಂಕಲ್ ಲೋಟ ಇಟ್ಟು ನೆಟ್ಟಗೆ ಕೂತ್ರು. ಅಪ್ಪನ ಕಿವಿ ಹತ್ರ ಬಗ್ಗಿ, “ಗುರುಸ್ವಾಮಿ, ಇದು ಇಂಟೆಲಿಜೆನ್ಸು. ಜಾಸ್ತಿ ಕೇಳ್ಬ್ಯಾಡ” ಅಂದ್ರು. ಆಗಿಂದ ಅಪ್ಪ ನನ್ನ ಹತ್ರ ಪಿಸುಮಾತಲ್ಲೇ ಮಾತಾಡ್ತಾರೆ. “ಉಪ್ಪಿಟ್ಟು ಬಡಿಸ್ಲಾ?” ಅನ್ನೋದೂ ಪಿಸುಮಾತು.

ಜೂನ್ 29, ಭಾನುವಾರ

ಪಾತ್ರೆ ತೊಳೆಯೋದು ಬಂದ್. ಬಾದಾಮಿ ಹಾಲು ಚಾಲೂ. ಹಸು ಕಟ್ಟೋಕೂ ಅಮ್ಮ ಬಿಡಲ್ಲ — ಕಾಲು ತುಳಿದ್ರೆ ಮೆಡಿಕಲ್‌ನಲ್ಲಿ ಫೇಲ್ ಆಗ್ತೀನಂತೆ. ಹಾಲು ಗಂಟಲಲ್ಲಿ ಇಳಿಯುತ್ತೆ, ಮನಸ್ಸಲ್ಲಿ ಇಳಿಯಲ್ಲ.

ಅಜ್ಜಿ ಒಬ್ಬರೇ ನಂಬಿಲ್ಲ. ಇವತ್ತು ಹಿಂದಿನಿಂದ ಬಂದು ಪೊರಕೆ ಬೀಸಿದ್ರು. ತಂತಾನೇ ಬಗ್ಗಿದೆ. ಇನ್ನೊಂದು ಬೀಸಿದ್ರು, ಸರಿದೆ. ಮೂರನೇದಕ್ಕೆ ಅಜ್ಜಿಯೇ ಉಸ್ಸಪ್ಪಾ ಅಂತ ಕೂತ್ರು.

“ಸಣ್ಣೋಳಿದ್ದಾಗ ಎಲ್ಲಾ ಏಟೂ ತಿಂತಿದ್ದೆ. ಈಗೊಂದೂ ತಗಲಕಿಲ್ಲ. ಯಾರ್ ಕೂಟೆ ಹೊಡ್ದಾಡಕ್ಕೆ ಓಯ್ತಿದ್ದೀಯೆ, ನಿಜ ಯೋಳು.”

ಕ್ಲಿಂಚ್ ಮಾಡಿದೆ. ಅಂದ್ರೆ ತಬ್ಕೊಂಡೆ. ರೆಫರಿ ಇಲ್ಲದ ಮನೇಲಿ ಅದೇ ಒಳ್ಳೇ ಉಪಾಯ.

ಜುಲೈ 5, ಶನಿವಾರ

ನಾಳೆ ಕೋಟೆ. ಅಪ್ಪನೂ ಬರ್ತಾರಂತೆ! ಬಿಳಿ ಶರ್ಟು ಇಸ್ತ್ರಿ ಆಗಿದೆ. ಹಾರ ಕೂಡ ತಂದು ಒದ್ದೆ ಬಟ್ಟೇಲಿ ಸುತ್ತಿಟ್ಟಿದಾರೆ. ಸೆಲೆಕ್ಟ್ ಆದ ತಕ್ಷಣ ಅಲ್ಲೇ ಹಾಕೋದಂತೆ.

ಹೇಳೋಕೆ ಹೋದೆ. “ಅಪ್ಪ, ನಾಳೆ ಅಲ್ಲಿ...”

“ಶ್! ಗೋಡೆಗೂ ಕಿವಿ ಇರ್ತದೆ.”

ವಾಪಸ್ ಬಂದೆ. ಗೊತ್ತಾದ್ರೆ ಬಾಕ್ಸಿಂಗ್ ಹೋಗುತ್ತೆ. ಅದು ಹೋದ್ರೆ ನನ್ನದು ಅಂತ ಇನ್ನೇನಿದೆ? ಆದ್ರೆ ಆ ಹಾರ ನೋಡೋಕಾಗ್ತಿಲ್ಲ.

ಜುಲೈ 6, ಭಾನುವಾರ, ಸಂಜೆ

ಮೂಗಿಗೆ ಐಸ್. ಆದಷ್ಟು ಬರೀತೀನಿ.

ಮೈದಾನಕ್ಕೆ ಕಾಲಿಟ್ಟ ಕೂಡಲೇ ಅಪ್ಪ ಸೋಲ್ಜರ್‌ಗಳನ್ನ ಹುಡುಕಿದ್ರು. ಕಂಡಿದ್ದು ಹಗ್ಗ, ರಿಂಗು, ಸ್ವಲ್ಪ ಹೊತ್ತಿಗೆ ಕೆಂಪು ಹೆಲ್ಮೆಟ್ಟಿನಲ್ಲಿ ನಾನು. ಹಾರದ ಕವರ್ ಹಿಡ್ಕೊಂಡು ಹಾಗೇ ನಿಂತ್ರು.

ಎದುರಾಳಿ ಕೋಟೆಯ ಶೃತಿ. ಗಟ್ಟಿ ಹುಡುಗಿ. ಮೊದಲ ರೌಂಡ್ ಒಂದೂ ತಗಲಲಿಲ್ಲ. ಜನ ಶಿಳ್ಳೆ, ನಗು. ನಾನೇ ಲೊಚೆ! ಎರಡನೇದರಲ್ಲಿ ರೆಫರಿ ನಿಲ್ಲಿಸಿ, “ಹೊಡೀಬೇಕು ಕಣಮ್ಮ, ಬರೀ ತಪ್ಪಿಸ್ಕೊಂಡ್ರೆ ಯಾರು ಪಾಯಿಂಟ್ ಕೊಡ್ತಾರೆ?” ಅಂದ್ರು. ನಂಜುಂಡೇಶ್ ಸರ್ ಮೂಲೆಯಿಂದ ಅದನ್ನೇ ಕಿರುಚ್ತಿದ್ರು. ಕೈ ಏಳಲಿಲ್ಲ. ವರ್ಷವೆಲ್ಲ ಮುಖ ಉಳಿಸ್ಕೊಳ್ಳೋದನ್ನೇ ಕಲ್ತ ಕೈ.

ಮೂರನೇ ರೌಂಡ್. ಕಣ್ಣಂಚಲ್ಲಿ ಅಪ್ಪ. ಸಿಟ್ಟಲ್ಲಿ ಇರ್ತಾರೆ ಅಂದ್ಕೊಂಡಿದ್ದೆ. ಶೃತಿ ಗುದ್ದು ಬಿಟ್ಟಾಗಲೆಲ್ಲ ಅಪ್ಪನೂ ಬಗ್ಗುತ್ತಿದ್ರು! ಎಡಕ್ಕೆ ಬಂದ್ರೆ ಬಲಕ್ಕೆ, ಬಲಕ್ಕೆ ಬಂದ್ರೆ ಎಡಕ್ಕೆ, ಬಿಳಿ ಶರ್ಟು, ಕೈಯಲ್ಲಿ ಹಾರ, ಪಕ್ಕದೋರಿಗೆಲ್ಲ ಡಿಕ್ಕಿ. ನಗು ತಡೀಲಿಲ್ಲ. ನಕ್ಕೆ.

ಢಂ. ಮೂಗು.

ಸೋತೆ.

ಬಸ್ಸಲ್ಲಿ ಅಪ್ಪ ಕಿಟಕಿ ಸೀಟು ಕೊಟ್ರು. ಹಾರವನ್ನ ಡ್ರೈವರ್ ಮುಂದಿನ ಮಾದಪ್ಪನ ಫೋಟೋಗೆ ಹಾಕಿಸಿದ್ರು.  ಆಮೇಲೆ, ಪಿಸುಮಾತಲ್ಲಲ್ಲ, ದೊಡ್ಡ ದನೀಲೇ —

“ಯಾರ್ ಹೊಡುದ್ರೂ ತಪ್ಪಿಸ್ಕ. ಬ್ಯಾಡ ಅನ್ನಕಿಲ್ಲ. ನನ್ ತಾವೂ ಯಾಕ್ ತಪ್ಪಿಸ್ಕಂಡೆ ಮಗಾ?”

ಅತ್ತುಬಿಟ್ಟೆ. ಈ ಮೂಗಲ್ಲಿ ಅಳೋದು ಬಲು ಕಷ್ಟ. ಅಪ್ಪ ಟವೆಲ್ ಕೊಟ್ರು. ಸ್ವಲ್ಪ ದೂರ ಹೋದ ಮೇಲೆ, “ಆ ಹುಡ್ಗಿ ಹೊಟ್ಟೆ ಕಡೆ ಖಾಲಿ ಬುಟ್ಟಿದ್ಲಲ್ಲ, ಯಾಕ್ ಹೊಡೀನಿಲ್ಲ?” ಅಂದ್ರು. ಟವೆಲ್ಲಲ್ಲಿ ಮೂಗು ಒರೆಸ್ಕೊಂಡೆ. “ನಾಳಿಂದ ಹೊಡಿಯೋದೂ ಕಲ್ತ್ಕ” ಅಂತ ಕಣ್ಣು ಮುಚ್ಚಿದ್ರು.

ಜುಲೈ 8, ಮಂಗಳವಾರ, ಅಂಗಡಿಯಲ್ಲಿ

ಮೂಟೆಗಳ ಹಿಂದೆ ಕೂತು ಬರೀತಿದೀನಿ.

ಬೆಳಿಗ್ಗೆ ಅಪ್ಪನಿಗೆ ಒಂದು ಮಾತು ರೆಡಿ ಮಾಡಿಕೊಟ್ಟಿದ್ದೆ. ಯಾರಾದ್ರೂ ಕೇಳಿದ್ರೆ ಹೈಟ್ ಸಾಲಲಿಲ್ಲ ಅಂದ್ಬಿಡಿ, ಅಷ್ಟೇ ಸಾಕು. ಅಪ್ಪ ಕೇಳಿಸ್ಕೊಂಡು ಅಂಗಡಿ ಬಾಗಿಲು ತೆಗೆದ್ರು.

ಮೊದಲು ಬಂದಿದ್ದೇ ವೀರಭದ್ರಸ್ವಾಮಿ ಅಂಕಲ್. “ಏನಾಯ್ತು ಆಪರೇಷನ್ನು?”

“ಮಿಲ್ಟ್ರಿ ಅಲ್ಲ ಕಣ್ರೀ. ಬಾಕ್ಸಿಂಗು. ನಂಗೇ ಅರ್ಥ ಆಗ್ದೆ ಊರ್ಗೆಲ್ಲಾ ಸಾರ್ಬುಟ್ಟೆ. ಸೋತ್ಲು.”

ಅಂಕಲ್ ನಕ್ಕು ನಕ್ಕು ಹಿಂಡಿ ಮೂಟೆ ಮೇಲೆ ಕುಸಿದ್ರು. ಅಪ್ಪ ಅಲ್ಲಾಡಲಿಲ್ಲ. ಆಮೇಲೆ ಡೈರಿಯವರು. ಆಮೇಲೆ ಹಸುವೇ ಇಲ್ಲದೋರೂ ಬೂಸಾ ರೇಟು ಕೇಳೋ ನೆಪದಲ್ಲಿ ಬಂದ್ರು. ಪ್ರತಿಯೊಬ್ಬರಿಗೂ ಅದೇ ಮಾತು, ಅಷ್ಟೇ ನೆಟ್ಟಗೆ. ನಗೋರ ಮುಂದೆ ಗಲ್ಲ ಒಡ್ಡಿ ನಿಂತಿದಾರೆ.

ವಿಟೇಕರ್ ಬಗ್ಗುತ್ತಿದ್ದ. ಲೊಚೆ ತಲೆ ಆಡಿಸ್ತಿದ್ದ. ನಮ್ಮಪ್ಪನಿಗೆ ಡಿಫೆನ್ಸೇ ಇಲ್ಲ. ಇಷ್ಟು ದಿನ ನಾನು ನೋಡಿದ ಅಷ್ಟೂ ವಿಡಿಯೋದಲ್ಲಿ ಇಂಥ ಧೈರ್ಯ ನೋಡಿಲ್ಲ. ನನ್ನಿಂದ ನಗೆಗೀಡಾದ್ರಲ್ಲ ಅಂತ ಸಂಕಟ, ಹೆಮ್ಮೆಯೂ ಆಗ್ತಿದೆ.

ಎದುರು ಹೋಟ್ಲಿನ ಮಂಟಯ್ಯ ರಸ್ತೆ ದಾಟ್ತಿದಾನೆ. ಹಲ್ಲು ಆಗಲೇ ಕಾಣ್ತಿವೆ. ಇಲ್ಲ, ಇವನಿಗೆ ಅಪ್ಪ ಅಲ್ಲ, ನಾನೇ ಎದುರು ಹೋಗಿ ಹೇಳ್ತೀನಿ —